ಗೂಡಿನ ರೇಟು, ಜಿನೀವಾದ ಮತ: ಸೀನನಿಗೊಂದು ಪತ್ರ

ಪ್ರೀತಿಯ ಸೀನ,

ಹೋದ ಭಾನುವಾರ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ರೇಷ್ಮೆ ಹುಳು ಆಗತಾನೆ ಎರಡನೇ ಜ್ವರದಿಂದ (ಪೊರೆ ಬಿಡುವಾಗಿನ ನಿದ್ದೆಯಿಂದ) ಎದ್ದಿದ್ದವು, ಅಮ್ಮ ಸೊಪ್ಪಿಗೆ ಕೂಗುತ್ತಿದ್ದಳು. ಜೊತೆಗೆ ನಿನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿರುವವನ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ ಅಂತ ಫೋನಿಟ್ಟೆ. ಈಗ ರಾತ್ರಿ ಹನ್ನೊಂದು. ಹುಳುಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಹೆಸರು ಬದಲಾಯಿಸಿದ್ದೇನೆ, ಇನ್ನೂ ನಾಲ್ಕು ಜನ ಓದಿದರೆ ಓದಲಿ.

"ಶಿಡ್ಲಘಟ್ಟದ ಪಕ್ಕ ಹುಳು ಮೇಯಿಸಿಕೊಂಡು ಕೂತಿರೋ ನಿನಗೆ ಜಿನೀವಾದಲ್ಲಿ ಯಾರು ಕೈ ಎತ್ತಿದರೆ ಏನಾಗಬೇಕೋ?" ಅಂದೆಯಲ್ಲ, ನಮ್ಮಂಥ ಸಲಿಂಗಿಗಳ ಹಕ್ಕಿನ ಬಗ್ಗೆ ವಿಶ್ವಸಂಸ್ಥೆಯ ಮಂಡಳಿಯಲ್ಲಿ ನಡೆಯುವ ಮತದ ಮಾತು ಬಂದಾಗ. ನೀನು ಕೇಳಬಾರದಿತ್ತು ಕಣೋ. ಬೇರೆಯವರು ಕೇಳಬಹುದು. 2011ರ ಬಜೆಟ್ಟು ಮರೆತುಹೋಯಿತಾ? ದೆಹಲಿಯಲ್ಲಿ ಯಾರೋ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ನೆಲ ಕಚ್ಚಿತು. ನಿಮ್ಮಪ್ಪ ಹಿಪ್ಪುನೇರಳೆ ಕಿತ್ತು ಟೊಮೊಟೊ ನೆಟ್ಟರು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಹಿತ್ತಲಲ್ಲಿ ಒಟ್ಟಿ, ಒಂದೊಂದಾಗಿ ಒಲೆಗೆ ಹಾಕಿದರು. ಎರಡು ವರ್ಷ ಆದಮೇಲೆ ಸುಂಕ ಶೇ. 15ಕ್ಕೆ ಏರಿತು, ಆದರೆ ಚಂದ್ರಿಕೆ ಬೂದಿಯಾಗಿತ್ತು. ಚೀನಾದ ವಿಷಯ ನಮಗ್ಯಾಕೆ ಅಂತ ಆಗ ಊರಲ್ಲಿ ಯಾರೂ ಕೇಳಲಿಲ್ಲ. ಗೂಡಿನ ರೇಟಿಗೆ ಅನ್ವಯವಾಗುವ ಮಾತು ನಮ್ಮಿಬ್ಬರಂಥವರ ಬದುಕಿಗೂ ಅನ್ವಯವಾಗುತ್ತದೆ.

2013ರ ಡಿಸೆಂಬರ್ ನೆನಪಿದೆ ತಾನೇ? 11ನೇ ತಾರೀಕು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ 377ನೇ ಸೆಕ್ಷನ್ ಉಳಿಸಿತು. ದೆಹಲಿ ಹೈಕೋರ್ಟು 2009ರಲ್ಲಿ ಕೊಟ್ಟಿದ್ದ ನಾಲ್ಕು ವರ್ಷದ ಉಸಿರು ಅವತ್ತಿಗೆ ಮುಗಿಯಿತು. ಮಾರನೇ ದಿನ ನ್ಯೂಯಾರ್ಕಿನಲ್ಲಿ ನಮ್ಮ ರಾಜತಾಂತ್ರಿಕ ಅಧಿಕಾರಿ ದೇವಯಾನಿ ಖೋಬ್ರಾಗಡೆ ಅವರ ಬಂಧನ. ದೇಶಕ್ಕೆ ದೇಶವೇ ಕುದಿಯುತ್ತಿತ್ತು. ಆಗ ಬಿಜೆಪಿಯಲ್ಲಿದ್ದ, ಹಿಂದೆ ವಿದೇಶಾಂಗ ಸಚಿವರೂ ಆಗಿದ್ದ ಯಶವಂತ ಸಿನ್ಹಾ ಒಂದು ಸಲಹೆ ಕೊಟ್ಟರು. ಇಲ್ಲಿರುವ ಅಮೆರಿಕದ ರಾಜತಾಂತ್ರಿಕರ ಸಲಿಂಗಿ ಸಂಗಾತಿಗಳನ್ನು 377ರಡಿ ಹಿಡಿದು ಒಳಗೆ ಹಾಕಿ, ಲೆಕ್ಕ ಚುಕ್ತಾ ಆಗುತ್ತದೆ ಅಂತ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಯಾರೋ ಪೇಪರನ್ನು ಜೋರಾಗಿ ಓದಿದರು. "ಒಳ್ಳೇ ಐಡಿಯಾ" ಅಂತ ಇನ್ನೊಬ್ಬರು ನಕ್ಕರು. ನೀನು ಅರ್ಧ ಟೀ ಬಿಟ್ಟು ಎದ್ದೆ. ಗ್ಲಾಸು ಬೆಂಚಿನ ತುದಿಯಲ್ಲಿಟ್ಟ ನಿನ್ನ ಕೈ ಸಣ್ಣಗೆ ನಡುಗುತ್ತಿತ್ತು. ದುಡ್ಡು ನಾನು ಕೊಟ್ಟೆ, ಅದಿನ್ನೂ ಬಾಕಿ ಇದೆ ನೋಡು.

ಎರಡು ದೇಶ ಜಗಳ ಆಡುವಾಗ ಒಬ್ಬರ ಮೇಲೊಬ್ಬರು ಎಸೆಯೋ ಕಲ್ಲು ನಾವು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಆಮೇಲೆ ಈ ವಿಷಯ ಎಲ್ಲಿ ಸಿಕ್ಕರೂ ಓದತೊಡಗಿದೆ. ಹುಳುಮನೆಯ ರಾತ್ರಿಗಳಲ್ಲಿ ಓದುವುದಕ್ಕೆ ಟೈಮು ಜಾಸ್ತಿ.

ಓದುತ್ತಾ ಹೋದಂತೆ ನಾಚಿಕೆಯಾಗಿದ್ದು ನಮ್ಮ ದೇಶದ ಮತ ನೋಡಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ ನಮ್ಮಂಥವರ ಮೇಲಿನ ಹಿಂಸೆಯ ವಿರುದ್ಧ ಮೊದಲ ನಿರ್ಣಯ ಬಂದಿದ್ದು 2011ರಲ್ಲಿ. ಅದನ್ನು ತಂದಿದ್ದು ದಕ್ಷಿಣ ಆಫ್ರಿಕಾ. ಇದೆಲ್ಲ ಬಿಳಿಯರ ಚಾಳಿ ಅನ್ನುವವರಿಗೆ ಇದನ್ನು ಹೇಳಬೇಕು. 2014ರಲ್ಲಿ ಮತ್ತೊಂದು ನಿರ್ಣಯ, ಭಾರತ ತಟಸ್ಥ. 2016ರಲ್ಲಿ ಈ ವಿಷಯಕ್ಕೇ ಒಬ್ಬ ಸ್ವತಂತ್ರ ತಜ್ಞರನ್ನು ನೇಮಿಸುವ ನಿರ್ಣಯ, ಆಗಲೂ ತಟಸ್ಥ. ಮಧ್ಯೆ 2015ರ ಮಾರ್ಚಿನದು ಇನ್ನೂ ಬೇಸರದ್ದು. ವಿಶ್ವಸಂಸ್ಥೆಯ ನೌಕರರ ಸಲಿಂಗಿ ಸಂಗಾತಿಗಳಿಗೆ ಸಿಗುವ ಸವಲತ್ತು ತೆಗೆಯಿರಿ ಅಂತ ರಷ್ಯಾ ಪ್ರಸ್ತಾವ ತಂದಿತು. ಭಾರತ ಅದರ ಪರ ಮತ ಹಾಕಿತು. ಪಾಕಿಸ್ತಾನವೂ ಪರ. ಬೇರೆ ಯಾವುದಕ್ಕೂ ಒಂದಾಗದವರು ಇದಕ್ಕೆ ಒಂದಾದರು! 80 ದೇಶ ವಿರೋಧಿಸಿ, 43 ಮಾತ್ರ ಪರ ನಿಂತಿದ್ದರಿಂದ ಪ್ರಸ್ತಾವ ಬಿತ್ತು.

ಆಗ 377 ಇತ್ತು, ಇನ್ನೇನು ಮಾಡುತ್ತಾರೆ ಅಂತ ಸಮಾಧಾನ ಮಾಡಿಕೊಂಡೆ. 2018ರ ಸೆಪ್ಟೆಂಬರ್ 6ಕ್ಕೆ ಅದೂ ಹೋಯಿತು. ಅವತ್ತು ನಾನು ಗೂಡಿನ ಮಾರ್ಕೆಟ್ಟಿನಲ್ಲಿದ್ದೆ. ನಮ್ಮ ಲಾಟಿನ ಮುಂದೆ ನೂಲು ತೆಗೆಯುವ ಒಬ್ಬ ರೀಲರ್ ಒಂದು ಗೂಡು ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ಆಗ ನಿನ್ನ ಮೆಸೇಜು: "ಬಿತ್ತು ಕಣೋ." ಅಷ್ಟೇ ಇತ್ತು. ನನಗೆ ಅಳುವೋ ನಗುವೋ ತಿಳಿಯದೆ ನಿಂತಿದ್ದೆ. ಪಕ್ಕದ ಲಾಟಿನ ಅಣ್ಣ ನೋಡಿ, "ಏನಪ್ಪಾ, ಒಳ್ಳೇ ರೇಟು ಬಿತ್ತಾ?" ಅಂದರು. ಹೂಂ ಅಣ್ಣ ಅಂದೆ. ನಿಜ ಹೇಳಬೇಕಂದರೆ ಅವತ್ತು ರೇಟು ಸುಮಾರಾಗಿತ್ತು. ಈ ಸಮುದಾಯಕ್ಕೂ ಅವರ ಮನೆಯವರಿಗೂ ಇತಿಹಾಸ ಕ್ಷಮೆ ಕೇಳಬೇಕು ಅಂತ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದಿದ್ದನ್ನು ರಾತ್ರಿ ಓದಿದೆ. ಮನೆಯವರಿಗೂ ಅಂದರಲ್ಲ, ಅದು ನನ್ನನ್ನು ತಟ್ಟಿತು.

ಮುಂದಿನ ವರ್ಷ ಜಿನೀವಾದಲ್ಲಿ ಅದೇ ತಜ್ಞರ ಅವಧಿ ಮುಂದುವರಿಸುವ ಮತ. ಈ ಸಲ ಭಾರತ ಪರ ನಿಲ್ಲುತ್ತದೆ ಅಂದುಕೊಂಡಿದ್ದೆ. ಮತ್ತೆ ತಟಸ್ಥ. ಮನೆಯಲ್ಲಿ ಕ್ಷಮೆ ಕೇಳಿದವನು ಬೀದಿಯಲ್ಲಿ ಗುರುತೇ ಹಿಡಿಯದೆ ಹೋದ ಹಾಗಾಯಿತು. ನನಗೆ ಸಿಟ್ಟು ಬರುವುದು ಇಲ್ಲಿ, ಸೀನ. ನಿನ್ನ ಸಿಟ್ಟು ಬೇರೆ ಕಡೆ ತಿರುಗಿದೆ.

ನೀನು ಅಂದಿದ್ದು, ನಮ್ಮಂಥವರನ್ನು ಜೈಲಿಗೆ ಹಾಕುವ ದೇಶಗಳಿಗೆ ಒಂದು ಪೈಸೆ ಕೊಡಬಾರದು ಅಂತ. ನೆದರ್ಲೆಂಡ್ಸಿನಲ್ಲಿ ತೆರಿಗೆ ಕಟ್ಟುವವನು ನೀನು, ಕೇಳುವ ಹಕ್ಕಿದೆ. ಆದರೆ ಉಗಾಂಡಾ ನೋಡು. 2014ರಲ್ಲಿ ಅಲ್ಲಿ ಕಠಿಣ ಕಾನೂನು ಬಂದಾಗ ವಿಶ್ವಬ್ಯಾಂಕು 9 ಕೋಟಿ ಡಾಲರ್ ಸಾಲ ತಡೆಹಿಡಿಯಿತು. ಅದು ಆರೋಗ್ಯ ಸೇವೆಗೆ ಅಂತ ಇಟ್ಟಿದ್ದ ದುಡ್ಡು. ಕಾನೂನು ಮಾಡಿದ ಸಂಸದರು ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲುತ್ತಾರಾ? ಆ ಕಾನೂನು ಬಿದ್ದಿದ್ದು ಅಲ್ಲಿನ ನ್ಯಾಯಾಲಯದಲ್ಲಿ, ಸಂಸತ್ತಿನಲ್ಲಿ ಕೋರಂ, ಅಂದರೆ ಬೇಕಾದಷ್ಟು ಸದಸ್ಯರ ಹಾಜರಿ, ಇರಲಿಲ್ಲ ಅನ್ನುವ ಕಾರಣಕ್ಕೆ. ಕೇಸು ಹಾಕಿದ್ದು ಉಗಾಂಡಾದವರೇ. 2023ರಲ್ಲಿ ಇನ್ನೂ ಕೆಟ್ಟದ್ದು ಬಂತು, ಕೆಲವು ಪ್ರಕರಣಗಳಿಗೆ ಮರಣದಂಡನೆ. ವಿಶ್ವಬ್ಯಾಂಕು ಹೊಸ ಸಾಲ ನಿಲ್ಲಿಸಿತು. ಕಾನೂನು ಮಾತ್ರ ಬಹುಮಟ್ಟಿಗೆ ಹಾಗೇ ಉಳಿಯಿತು.

ಇದನ್ನು ಆಫ್ರಿಕಾದ ಹೋರಾಟಗಾರರು 2011ರಲ್ಲೇ ಹೇಳಿದ್ದರು. ಬ್ರಿಟನ್ ಪ್ರಧಾನಿ ಕ್ಯಾಮರೂನ್ ನೆರವು ಕಡಿತದ ಮಾತಾಡಿದಾಗ ಅವರು ಒಟ್ಟಾಗಿ ಹೇಳಿಕೆ ಕೊಟ್ಟರು. ನೆರವು ನಿಂತರೆ ಎಲ್ಲರ ಸಿಟ್ಟೂ ನಮ್ಮ ಮೇಲೆ ತಿರುಗುತ್ತದೆ ಅನ್ನುವುದು ಅವರ ಭಯ. ನಮ್ಮೂರನ್ನೇ ತಗೋ. ನಿನ್ನಿಂದಾಗಿ ಊರಿನ ಬೋರ್‌ವೆಲ್ ನಿಂತಿತು ಅಂತ ಒಂದು ಮಾತು ಹಬ್ಬಿದರೆ ನಾನು ಮಾರನೇ ದಿನ ಡೇರಿಗೆ ಹಾಲು ಹಾಕಲು ಹೋಗಲಾರೆ.

ಹಾಗಂತ ಹೊರಗಿನವರು ಬಾಯಿ ಮುಚ್ಚಿಕೊಂಡಿರಲಿ ಅಂತಲ್ಲ. 377 ಬಂದಿದ್ದೇ ಹೊರಗಿನಿಂದ, 1860ರಲ್ಲಿ. ಅದೇ ಬ್ರಿಟಿಷ್ ಕಾನೂನು ಉಗಾಂಡಾಕ್ಕೂ ಹೋಗಿದ್ದು. 2018ರಲ್ಲಿ ಕಾಮನ್‌ವೆಲ್ತ್ ಸಭೆಯಲ್ಲಿ ಥೆರೇಸಾ ಮೇ ವಿಷಾದ ಅಂದರು, ಸಂತೋಷ. ನಮ್ಮ ದೇಶದ ಹಕ್ಕುಗಳ ಸ್ಥಿತಿ ಜಿನೀವಾದಲ್ಲಿ ಪರಿಶೀಲನೆಗೆ ಬಂದಾಗ ಬೇರೆ ದೇಶಗಳು 377 ತೆಗೆಯಿರಿ ಅಂತ ಹೇಳಿದ್ದೂ ಉಪಯೋಗಕ್ಕೆ ಬಂತು. ಅಪಾಯದಲ್ಲಿರುವವನಿಗೆ ಸದ್ದಿಲ್ಲದೆ ವೀಸಾ ಕೊಡಲಿ. ಕೇಸು ನಡೆಯುವಾಗ ರಾಯಭಾರ ಕಚೇರಿಯವರು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರಲಿ. ಪೊಲೀಸಿನವರಿಗೆ ಯಾರೋ ನೋಡುತ್ತಿದ್ದಾರೆ ಅನ್ನಿಸಿದರೂ ಸಾಕು, ಲಾಠಿ ಸ್ವಲ್ಪ ಇಳಿಯುತ್ತದೆ.

ಬಾಗೇಪಲ್ಲಿ ಟೋಲ್ ಹತ್ತಿರ ಒಬ್ಬ ಟ್ರಾನ್ಸ್ ಅಕ್ಕ ಪರಿಚಯ ಅಂದಿದ್ದೆನಲ್ಲ. ಅವರು ಹಾರ್ಮೋನು ಚಿಕಿತ್ಸೆಗೆ ಹೈದರಾಬಾದಿನ ಮಿತ್ರ್ ಕ್ಲಿನಿಕ್‌ಗೆ ಹೋಗುತ್ತಿದ್ದರು. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿ. 2021ರಲ್ಲಿ ಶುರುವಾಗಿದ್ದು, ಟ್ರಾನ್ಸ್ ಸಮುದಾಯದವರಿಗೇ ಅಂತ ದೇಶದಲ್ಲಿ ಮೊದಲನೆಯದು. ದುಡ್ಡು ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನದು. "ಅಲ್ಲಿ ಹೆಸರು ಕೂಗೋವಾಗ ನನ್ನ ಹೆಸರೇ ಕೂಗ್ತಾರೆ ತಮ್ಮಾ" ಅನ್ನುತ್ತಿದ್ದರು. ನಮ್ಮ ಕಡೆ ಒಂದು ಆಸ್ಪತ್ರೆಯಲ್ಲಿ ಹಳೇ ಗಂಡು ಹೆಸರು ಕೂಗಿ, ಇಡೀ ಸಾಲು ತಿರುಗಿ ನೋಡಿದ್ದನ್ನು ಅವರು ಮರೆತಿಲ್ಲ. 2025ರ ಜನವರಿ 20ಕ್ಕೆ ಟ್ರಂಪ್ ವಿದೇಶಿ ನೆರವಿಗೆಲ್ಲ ತಡೆ ಹಾಕಿದರು. ಕೆಲವೇ ದಿನದಲ್ಲಿ ಹೈದರಾಬಾದಿನದು, ಕಲ್ಯಾಣ್‌ನದು, ಪುಣೆಯದು ಮೂರೂ ಬಾಗಿಲು ಹಾಕಿದವು. ಆಮೇಲೆ ಹೈದರಾಬಾದಿನದು ಟಾಟಾ ಟ್ರಸ್ಟ್ಸ್ ನೆರವಿನಿಂದ ಸಬ್‌ರಂಗ್ ಅನ್ನುವ ಹೆಸರಿನಲ್ಲಿ ಮತ್ತೆ ತೆರೆಯಿತು. ನಡುವಿನ ಆ ತಿಂಗಳುಗಳಲ್ಲಿ ಅಕ್ಕ ಏನು ಮಾಡಿದರು ಅಂತ ಕೇಳಿದೆ. "ಇದ್ದ ಮಾತ್ರೆ ಅರ್ಧರ್ಧ ಮಾಡ್ಕೊಂಡೆ" ಅಂದರು. ವಾಷಿಂಗ್ಟನ್ನಿನಲ್ಲಿ ಒಂದು ಸಹಿ, ಬಾಗೇಪಲ್ಲಿಯಲ್ಲಿ ಅರ್ಧ ಮಾತ್ರೆ. ಜಿನೀವಾದಿಂದ ನನಗೇನು ಅಂತ ಇನ್ನೊಂದು ಸಲ ಕೇಳಬೇಡ.

ಅದಕ್ಕೇ ಹೇಳುತ್ತೇನೆ, ನಿನ್ನ ಸಂಸದರಿಗೆ ಪತ್ರ ಬರೆಯುವುದಾದರೆ ದುಡ್ಡು ನಿಲ್ಲಿಸಿ ಅಂತ ಬರೆಯಬೇಡ. ದುಡ್ಡು ಸರ್ಕಾರದ ಕೈಗೆ ಹೋಗದೆ ಅಲ್ಲಿನ ಸಂಘಗಳ ಕೈಗೆ ಹೋಗುತ್ತದಾ ಅಂತ ಕೇಳು. ಮಾತಾಡುವ ಮೊದಲು ಅಲ್ಲಿನವರನ್ನು ಕೇಳಿದಿರಾ ಅಂತ ಕೇಳು. ನಾನು ಇಲ್ಲಿಂದ ನಮ್ಮ ಸಂಸದರಿಗೆ ಬರೆಯುತ್ತೇನೆ, ಮುಂದಿನ ಸಲ ಯಾಕೆ ಪರವಾಗಿ ಕೈ ಎತ್ತಬಾರದು ಅಂತ. ಉತ್ತರ ಬರುತ್ತದೆ ಅನ್ನುವ ಭ್ರಮೆ ಇಲ್ಲ. ಸುಮ್ನೆ ಇರಲಾರೆ, ಅಷ್ಟೇ.

ಇನ್ನೊಂದು ವಿಷಯ. ಡಿಸೆಂಬರಿನಲ್ಲಿ ನೀವಿಬ್ಬರೂ ಬರುತ್ತೀರಿ ಅಂತ ಅಮ್ಮನಿಗೆ ಹೇಳಿದೆ. ಸೀನಪ್ಪನ ಸ್ನೇಹಿತ ಅಂತಲೇ ಹೇಳಿದ್ದು. ನಿಮ್ಮ ಮದುವೆಗೆ ಇಲ್ಲಿನ ಕಾನೂನಿನಲ್ಲಿ ಹೆಸರಿಲ್ಲ, 2023ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೂ ಸಿಗಲಿಲ್ಲ, ನಮ್ಮ ಮನೆಯಲ್ಲೂ ಇನ್ನೂ ಇಲ್ಲ. ಅಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಆ ಹುಡುಗನಿಗೆ ಮುದ್ದೆ ನುಂಗೋಕೆ ಬರುತ್ತಾ, ಇಲ್ಲ ಅಗಿತಾನಾ?" ಅಂದಳು. ಈಗಿನಿಂದಲೇ ಕಲಿಸು. ನಾನು ಎದ್ದೆ, ಹುಳುಗಳಿಗೆ ಸೊಪ್ಪು ಹಾಕಬೇಕು.

ಇಂತಿ ನಿನ್ನ,
ಹುಳುಮನೆಯವನು