ಸಂಜೆ ಪಾಠಗಳನ್ನು ಒಂದಕ್ಕೊಂದು ಹೆಣೆದವರಿಗೆ

ಕಲಬುರಗಿ ಜಿಲ್ಲೆಯ ಹಳ್ಳಿ, ತಾಂಡಾ ಮತ್ತು ನಗರದ ಬಡಾವಣೆಗಳಲ್ಲಿ ನಡೆಯುವ ಸಂಜೆ ಪಾಠದ ಕೇಂದ್ರಗಳನ್ನು ಒಂದು ಜಾಲವಾಗಿ ಸೇರಿಸುವ ನಮ್ಮ ಕೆಲಸಕ್ಕೆ 2025ರ ಜೂನ್‌ಗೆ ಹತ್ತು ವರ್ಷ ತುಂಬಿತು. ಇಷ್ಟು ಕಾಲ ಪಾಠ ಹೇಳಿದವರಿಗೆ ಅಲ್ಲಲ್ಲಿ ಶಾಲು ಹೊದಿಸಿದ್ದೇವೆ, ಹಾರ ಹಾಕಿದ್ದೇವೆ, ಅದು ಆಗಬೇಕಾದದ್ದೇ. ಆದರೆ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ ನಡುವೆ, ಗಣಿತ ತಿಳಿಯದೆ ಕುಳಿತ ಹುಡುಗಿಗೂ ಗಣಿತ ಹೇಳಿಕೊಡಬಲ್ಲವರಿಗೂ ನಡುವೆ ನಿಂತು ಕೊಂಡಿಯಾದವರ ಹೆಸರು ಯಾವ ವೇದಿಕೆಯಲ್ಲೂ ಕೇಳಿಬಂದಿಲ್ಲ. ಈ ಕೃತಜ್ಞತೆ ಮುಖ್ಯವಾಗಿ ಅವರಿಗೆ ಸಲ್ಲಬೇಕು. ಹೆಸರು ಹಾಕುವುದು ಬೇಡವೆಂದು ಅವರಲ್ಲಿ ಹಲವರು ಕೇಳಿಕೊಂಡಿರುವುದರಿಂದ ಇಲ್ಲಿಯೂ ಯಾರ ಹೆಸರನ್ನೂ ಬರೆದಿಲ್ಲ. ಓದಿದಾಗ ತಮ್ಮ ಕೆಲಸದ ಗುರುತು ಅವರಿಗೆ ಸಿಗುತ್ತದೆ.

ಈ ವರ್ಷ ಸಂಭ್ರಮ ಪಡುವ ಸ್ಥಿತಿಯಲ್ಲೇನೂ ನಾವಿರಲಿಲ್ಲ. 2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ರಾಜ್ಯದಲ್ಲಿ ಶೇ. 62.34ರಷ್ಟು ಮಕ್ಕಳು ಉತ್ತೀರ್ಣರಾಗಿದ್ದರು. ಮೊದಲ ಸ್ಥಾನದ ದಕ್ಷಿಣ ಕನ್ನಡದಲ್ಲಿ ಶೇ. 91.12, ಕೊನೆಯ ಸ್ಥಾನದ ನಮ್ಮ ಕಲಬುರಗಿಯಲ್ಲಿ ಶೇ. 42.43. ಅಂದಿನಿಂದ ಒಂದು ವಾರ ನಮ್ಮ ಮಕ್ಕಳನ್ನು ದಡ್ಡರೆಂದೂ ಮೇಷ್ಟ್ರುಗಳನ್ನು ಸೋಮಾರಿಗಳೆಂದೂ ಬೈದವರಿಗೆ ಕೊರತೆಯಿರಲಿಲ್ಲ. ಬೈದವರಲ್ಲಿ ಎಷ್ಟು ಮಂದಿ ದಸರಾ ಕಳೆದ ಮೇಲೆ ಚಿಂಚೋಳಿ, ಚಿತ್ತಾಪುರ ಕಡೆಯ ತಾಂಡಾಗಳಿಗೆ ಹೋಗಿ, ಬೀಗ ಬಿದ್ದ ಮನೆಗಳನ್ನು ನೋಡಿದ್ದಾರೋ ತಿಳಿಯದು. ದುಡಿಯಲು ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ಹೋದ ತಂದೆತಾಯಿಗಳು ಯುಗಾದಿಯ ಹೊತ್ತಿಗೆ ಮರಳುತ್ತಾರೆ. ಪರೀಕ್ಷೆಯೂ ಅದೇ ಹೊತ್ತಿಗೆ ಬರುತ್ತದೆ. ಮನೆಯಲ್ಲಿ ಲಂಬಾಣಿ ಅಥವಾ ದಖನಿ ಉರ್ದು, ಸೇಡಂ ಕಡೆ ತೆಲುಗು, ಆಳಂದ ಕಡೆ ಮರಾಠಿ ಆಡುವ ಮಗು ಕನ್ನಡದಲ್ಲಿ ಛಾಪಿಸಿದ ಬೀಜಗಣಿತದ ಮುಂದೆ ಒಬ್ಬಂಟಿಯಾಗಿ ಕುಳಿತಿರುತ್ತದೆ, ಏಕೆಂದರೆ ಆ ಮನೆಯಲ್ಲಿ ಹತ್ತನೇ ತರಗತಿಯ ಪುಸ್ತಕ ತೆರೆದವರಲ್ಲಿ ಅದೇ ಮೊದಲನೆಯದು. ಅನುಕೂಲಸ್ಥರ ಮಗುವಿಗೆ ಟೀಚರಾಗಿರುವ ಚಿಕ್ಕಮ್ಮ, ಪಕ್ಕದ ಮನೆಯ ಎಂಜಿನಿಯರು, ಬ್ಯಾಂಕಿನಲ್ಲಿರುವ ಮಾವ, ಇವರೆಲ್ಲ ಹುಟ್ಟಿನಿಂದಲೇ ಇರುತ್ತಾರೆ. ಅದನ್ನು ಯಾರೂ ಜಾಲವೆಂದು ಕರೆಯುವುದಿಲ್ಲ, ಅದರ ಉಪಕಾರವನ್ನು ಅಂಕಪಟ್ಟಿಯಲ್ಲಿ ನಮೂದಿಸುವುದೂ ಇಲ್ಲ. ಬಡವರ ಮಗುವಿಗೆ ಅಂಥ ಬಳಗವನ್ನು ಹೊರಗಿನಿಂದ, ಒಬ್ಬೊಬ್ಬರನ್ನೇ ಕೇಳಿಕೊಂಡು ಕಟ್ಟಬೇಕಾಗುತ್ತದೆ.

ಹಾಗೆ ಕಟ್ಟಲು ಮೊದಲು ಬೇಕಾದದ್ದು ಒಂದು ಪಟ್ಟಿ. ಸಂಜೆ ಪಾಠವೇನೂ ನಾವು ಹುಟ್ಟುಹಾಕಿದ್ದಲ್ಲ. ಎಷ್ಟೋ ಓಣಿಗಳಲ್ಲಿ ನಿವೃತ್ತ ಮೇಷ್ಟ್ರೊಬ್ಬರೋ ಡಿಗ್ರಿ ಓದುವ ಹುಡುಗಿಯೊಬ್ಬಳೋ ಅದನ್ನು ತಾವಾಗಿಯೇ ನಡೆಸುತ್ತಿದ್ದರು. ಪ್ರತಿಯೊಬ್ಬರೂ ತಾವೊಬ್ಬರೇ ಎಂದು ತಿಳಿದಿದ್ದರು. ಜಿಲ್ಲೆಯ ಒಂದೊಂದು ತಾಂಡಾದ ದಾರಿಯನ್ನೂ ಬಲ್ಲ ನಿವೃತ್ತ ಅಂಚೆಯಣ್ಣನೊಬ್ಬರು ಮತ್ತು ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯವರು ಸೇರಿ, ಎಲ್ಲೆಲ್ಲಿ ಪಾಠ ನಡೆಯುತ್ತದೆ, ಯಾವ ಹೊತ್ತಿಗೆ, ಯಾವ ವಿಷಯಕ್ಕೆ ಜನವಿದ್ದಾರೆ, ಯಾವುದಕ್ಕಿಲ್ಲ ಎಂಬುದನ್ನು ಬರೆದುಕೊಂಡು ನಕ್ಷೆಯ ಮೇಲೆ ಚುಕ್ಕಿ ಇಟ್ಟರು. ಚುಕ್ಕಿಗಳೆಲ್ಲ ನಗರದಲ್ಲಿ ಮತ್ತು ದೊಡ್ಡ ರಸ್ತೆಗಳ ಪಕ್ಕದಲ್ಲಿ ಗುಂಪುಗೂಡಿದ್ದವು. ದಾನಿಗಳ ಕಾರು ಹೋಗುವಲ್ಲಿಯವರೆಗೆ ದಾನವೂ ಹೋಗಿತ್ತು. ಅದರಾಚೆ ನಕ್ಷೆ ಖಾಲಿ. ಒಂದೇ ಕೇಂದ್ರಕ್ಕೆ ಮೂರು ಸಲ ಬ್ಯಾಗು ಬಂದಿತ್ತು, ಇನ್ನೊಂದಕ್ಕೆ ಬಲ್ಬು ಕೂಡ ಬಂದಿರಲಿಲ್ಲ. (ಬ್ಯಾಗು ಕೊಟ್ಟ ಕಂಪನಿಯೊಂದು ಫೋಟೊ ತೆಗೆಸಿಕೊಂಡ ಮರುವರ್ಷವೇ ಕೈಬಿಟ್ಟಿತು. ಅದರಿಂದ ನಮಗೆ ನಷ್ಟವೇನೂ ಆಗಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ.) ಅಂದಿನಿಂದ ಯಾರು ನೆರವು ನೀಡಲು ಮುಂದೆ ಬಂದರೂ ಅವರಿಗೆ ಮೊದಲು ತೋರಿಸುವುದು ಖಾಲಿ ಜಾಗವನ್ನು. ಆ ಇಬ್ಬರು ವರ್ಷಕ್ಕೆರಡು ಬಾರಿ ಪಟ್ಟಿಯನ್ನು ತಿದ್ದುತ್ತ ಬಂದಿದ್ದಾರೆ. ನಮ್ಮ ಜಾಲದ ಅತ್ಯಂತ ಬೆಲೆಯುಳ್ಳ ಆಸ್ತಿ ಯಾವುದೆಂದು ಕೇಳಿದರೆ ನಾನು ಆ ರಿಜಿಸ್ಟರನ್ನೇ ತೋರಿಸುತ್ತೇನೆ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಅದೇ ಪಟ್ಟಿ ನಮ್ಮನ್ನು ಉಳಿಸಿತು. ಆ ಆಗಸ್ಟ್‌ನಲ್ಲಿ ಸರ್ಕಾರ ವಿದ್ಯಾಗಮವನ್ನು ಆರಂಭಿಸಿ, ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸತೊಡಗಿದಾಗ ಯಾವ ಓಣಿಯಲ್ಲಿ ಯಾರ ಅಂಗಳ ಸಿಗುತ್ತದೆಂಬುದು ನಮ್ಮವರಿಗೆ ಗೊತ್ತಿತ್ತು. ಅಕ್ಟೋಬರಿನಲ್ಲಿ ಅದು ನಿಂತಾಗ ಯಾವ ಮನೆಯಲ್ಲಿ ಫೋನಿಲ್ಲವೆಂಬುದೂ ಗೊತ್ತಿತ್ತು. 2021ರ ಜುಲೈ 19 ಮತ್ತು 22ರಂದು ಎರಡೇ ದಿನ ಗುರುತು ಹಾಕುವ ಪರೀಕ್ಷೆ ಬರೆದು ಪಾಸಾದ ಮಕ್ಕಳು ಪಿಯುಸಿಗೆ ಹೋಗಿ ಕಂಗೆಟ್ಟರು. ಪಾಸಾದವರಿಗೆ ಪಾಠವೇಕೆ ಎನ್ನದೆ ಆ ತಂಡದ ಜೊತೆ ಎರಡು ವರ್ಷ ಉಳಿದ ಬೋಧಕರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು.

ಈ ವರ್ಷದ ಮೇ ತಿಂಗಳಿಗೆ ಮರಳುತ್ತೇನೆ. 2024ರಂತೆ 2025ರಲ್ಲೂ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳಿದ್ದವು. ಫಲಿತಾಂಶ ಬಂದ ದಿನದಿಂದ ಮೇ ಕೊನೆಯ ವಾರದ ಎರಡನೇ ಪರೀಕ್ಷೆಯವರೆಗೆ ಇದ್ದದ್ದು ಮೂರು ವಾರ ಮತ್ತು ಕೆಲವು ದಿನ. ಒಂದೆರಡು ವಿಷಯಗಳಲ್ಲಿ ಉಳಿದ ಮಕ್ಕಳಿಗೆ ಅದು ಸಾಕಾಗುವ ಕಾಲವೇ. ಆದರೆ ಆ ಮಕ್ಕಳು ಊರಲ್ಲಿ ಇರಲಿಲ್ಲ. ಏಪ್ರಿಲ್ ಮೊದಲ ವಾರ ಪರೀಕ್ಷೆ ಮುಗಿದೊಡನೆ ಹುಡುಗರು ಬೆಂಗಳೂರಿನ ಗಾರೆ ಕೆಲಸಕ್ಕೆ ಹೋಗಿದ್ದರು, ಹುಡುಗಿಯರು ಅಣ್ಣಂದಿರ ಮಕ್ಕಳನ್ನು ನೋಡಿಕೊಳ್ಳಲು ಪುಣೆಗೆ ಹೋಗಿದ್ದರು. ನಪಾಸಾದ ಸುದ್ದಿ ಕೆಲವರಿಗೆ ತಲುಪಿರಲಿಲ್ಲ. ತಲುಪಿದವರು ಅಲ್ಲಿಗೆ ಓದು ಮುಗಿಯಿತೆಂದು ತಿಳಿದಿದ್ದರು. ಆಗ ನಡೆದದ್ದನ್ನು ನಾನು ದೂರದಿಂದ ನೋಡಿದೆನೆಂದೇ ಹೇಳಬೇಕು, ಏಕೆಂದರೆ ಯಾರೊಬ್ಬರೂ ಅದನ್ನು ನಡೆಸಲಿಲ್ಲ. ಮುಖ್ಯ ಶಿಕ್ಷಕರು ಹೆಸರು ಕೊಟ್ಟರು, ಕೇಂದ್ರದವರು ಮನೆಗೆ ಹೋಗಿ ಅಜ್ಜಿಯರಿಂದ ನಂಬರು ಪಡೆದರು, ನಂಬರು ಸಿಗದ ಕಡೆ ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮರನ್ನೇ ಹುಡುಕಿದರು. ಮುಕಾದಮರನ್ನು ಮಕ್ಕಳ ಓದಿನ ಶತ್ರುಗಳೆಂದು ಬರೆಯುವುದು ಸುಲಭ. ಮುಂಗಡ ಕೊಟ್ಟು ಕರೆದೊಯ್ದ ಕುಟುಂಬದಿಂದ ಒಂದು ಕೈ ಕಡಿಮೆಯಾದರೆ ಅವರಿಗೆ ಲೆಕ್ಕದಲ್ಲಿ ನಷ್ಟ. ಹಾಗಿದ್ದೂ ಅವರಲ್ಲಿ ಕೆಲವರು ಮಕ್ಕಳನ್ನು ತಾವೇ ಬಸ್ಸು ಹತ್ತಿಸಿ ಕಳುಹಿಸಿಕೊಟ್ಟರು. ಅವರಿಗೆ ನಮ್ಮ ನಮಸ್ಕಾರ.

ಬರಲಾಗದವರನ್ನು ಇದ್ದಲ್ಲಿಯೇ ಹಿಡಿದು ಓದಿಸಿದವರು ಮುಂಬೈ ಮತ್ತು ಪುಣೆಯ ಕನ್ನಡಿಗರು. ಅವರಲ್ಲಿ ಇಬ್ಬರು ಹಿರಿಯರು ಕರಾವಳಿಯಿಂದ ಹುಡುಗರಾಗಿ ಮುಂಬೈಗೆ ಹೋಗಿ, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು. ದಣಿದ ಮೈಯಲ್ಲಿ ಓದುವುದೆಂದರೇನೆಂದು ಅವರಿಗೆ ನಾವು ವಿವರಿಸಬೇಕಾಗಲಿಲ್ಲ. ಕಟ್ಟಡದ ಕೆಲಸ ನಡೆಯುವಲ್ಲಿನ ತಗಡಿನ ಮನೆಗಳಿಗೆ ಸಂಜೆ ಅವರು ಹೋಗಿ, ತಮ್ಮ ಫೋನಿನಲ್ಲಿ ಕಲಬುರಗಿಯ ಬೋಧಕರನ್ನು ಹಿಡಿದುಕೊಟ್ಟು, ಪಾಠ ಮುಗಿಯುವವರೆಗೆ ಕಾದು ಕುಳಿತರು. ಪರೀಕ್ಷೆಯ ಮುನ್ನಾದಿನ ರೈಲಿನ ಟಿಕೆಟನ್ನೂ ಕೈಗಿತ್ತರು. ಆ ಮಕ್ಕಳಲ್ಲಿ ಎಲ್ಲರೂ ಪಾಸಾಗಲಿಲ್ಲ. ಪಾಸಾದವರು ಈಗ ಪಿಯು ಕಾಲೇಜಿನಲ್ಲಿದ್ದಾರೆ, ಉಳಿದವರಲ್ಲಿ ಹೆಚ್ಚಿನವರು ಜುಲೈಯಲ್ಲಿ ಮೂರನೇ ಪರೀಕ್ಷೆಗೂ ಕುಳಿತರು. ಮೂರನೆಯದಕ್ಕೂ ಕುಳಿತರೆಂಬುದು ನನಗೆ ಪಾಸಿನ ಸುದ್ದಿಯಷ್ಟೇ ದೊಡ್ಡದಾಗಿ ಕಂಡಿದೆ.

ಬಡ ವಿದ್ಯಾರ್ಥಿಯನ್ನು ಹಲವರು ಸೇರಿ ಹೊರುವುದು ನಮ್ಮ ನಾಡಿಗೆ ಹೊಸತಲ್ಲ. ವಾರದ ಏಳು ದಿನಕ್ಕೆ ಏಳು ಮನೆಗಳಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಕತೆಗಳನ್ನು ಕೇಳಿಕೊಂಡೇ ನಾವು ಬೆಳೆದಿದ್ದೇವೆ. ಆದರೆ ಆ ಏಳು ಮನೆಗಳು ಬಹುಮಟ್ಟಿಗೆ ತಮ್ಮ ಜಾತಿಯ ಹುಡುಗನಿಗೇ ಬಾಗಿಲು ತೆರೆಯುತ್ತಿದ್ದವು ಎಂಬುದನ್ನು ಬಿಟ್ಟು ಅದನ್ನು ಹೊಗಳಬಾರದು. ಆ ಬಾಗಿಲ ಹೊರಗೆ ನಿಂತ ಮಕ್ಕಳಿಗಾಗಿ ಮಂಗಳೂರಿನಲ್ಲಿ 1890ರ ದಶಕದಲ್ಲಿ ಕುದ್ಮುಲ್ ರಂಗರಾಯರು ಶಾಲೆ ತೆರೆದು ತಮ್ಮವರಿಂದಲೇ ಬಹಿಷ್ಕಾರ ಎದುರಿಸಿದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ 1930ರಲ್ಲಿ ದೀನ ಸೇವಾ ಸಂಘವನ್ನು ಕಟ್ಟಿದರು. ನಮ್ಮ ಕೇಂದ್ರಗಳಿಗೆ ಜಾಗ ಕೊಟ್ಟವರನ್ನು ನೆನೆಯುವಾಗ ಈ ಮಾತು ಬಂತು. ಅಂಬೇಡ್ಕರ್ ಭವನದ ಪಾಠಕ್ಕೆ ಊರಿನ ಎಲ್ಲ ಓಣಿಯ ಮಕ್ಕಳೂ ಬರುವಂತೆ ನೋಡಿಕೊಂಡ ಹೆಣ್ಣುಮಕ್ಕಳಿಗೆ, ಮಸೀದಿಯ ಪಕ್ಕದ ಕೋಣೆಯನ್ನು ಹಿಂದೂ ಹುಡುಗರಿಗೂ ತೆರೆದಿಟ್ಟ ಹಿರಿಯರಿಗೆ, ದಾಸೋಹದ ಪಡಸಾಲೆಯನ್ನು ರಾತ್ರಿ ಒಂಬತ್ತರವರೆಗೆ ಬಿಟ್ಟುಕೊಟ್ಟ ಮಠಗಳವರಿಗೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳನ್ನು ವೇಳೆ ಮೀರಿಯೂ ಮುಚ್ಚದ ಮೇಲ್ವಿಚಾರಕರಿಗೆ ನಾವು ಋಣಿಗಳು. ಕೆಲವು ಊರುಗಳಲ್ಲಿ ಈ ಬೆರೆಯುವಿಕೆ ಇನ್ನೂ ಆಗಿಲ್ಲ. ಅಲ್ಲಿ ಒಂದೇ ಹಳ್ಳಿಗೆ ಎರಡು ಕೇಂದ್ರಗಳಿವೆ, ಎರಡನ್ನೂ ಬಿಡದೆ ನಡೆಸುತ್ತಿದ್ದೇವೆ.

ಇನ್ನು ಕಾಗದಪತ್ರದ ಕೆಲಸ ಮಾಡಿದವರು. ಪಾಠ ಹೇಳಲು ಜನ ಸಿಗುತ್ತಾರೆ, ಅರ್ಜಿ ತುಂಬಲು ಸಿಗುವುದಿಲ್ಲ. ಎನ್‌ಎಂಎಂಎಸ್ ವಿದ್ಯಾರ್ಥಿವೇತನವನ್ನೇ ನೋಡಿ. ವರ್ಷದ ಆದಾಯ ₹3.5 ಲಕ್ಷ ಮೀರದ ಮನೆಯ, ಸರ್ಕಾರಿ ಅಥವಾ ಅನುದಾನಿತ ಶಾಲೆಯ ಮಗು ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ ₹12,000 ಬರುತ್ತದೆ. ಆದರೆ ಪ್ರತಿ ವರ್ಷ ನವೀಕರಿಸಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಹೆಸರಿನ ಅಕ್ಷರಗಳು ಎರಡೂ ಕಡೆ ಒಂದೇ ಇರಬೇಕು. ಶಾಲೆಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇರುವ ತಾಂಡಾದ ಹುಡುಗಿಗೆ ಆ ಹಣ ದಕ್ಕಬೇಕಾದರೆ ಯಾರಾದರೂ ಅವಳ ಜೊತೆ ಮೂರು ಕಚೇರಿಗಳ ಮೆಟ್ಟಿಲು ಹತ್ತಬೇಕು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರ ಊಟ-ವಸತಿಗೆ ನೆರವಾಗುವ ವಿದ್ಯಾಸಿರಿ, ನಮ್ಮ ಭಾಗದವರಿಗೆ ವಿಶೇಷ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ, ಇವುಗಳ ಕತೆಯೂ ಅದೇ. ಸಂವಿಧಾನಕ್ಕೆ 371(ಜೆ) ಸೇರಿಸಲು ನಮ್ಮ ಹಿರಿಯರು ದಶಕಗಳ ಕಾಲ ಹೋರಾಡಿದರು. ಕಡೆಗೂ ಸಿಕ್ಕ ಆ ಹಕ್ಕು ಒಂದು ಅರ್ಜಿಯ ಕೊನೆಯ ದಿನಾಂಕ ತಪ್ಪಿದ್ದಕ್ಕೆ ಒಂದು ಮಗುವಿಗೆ ಇಲ್ಲವಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಭಾನುವಾರಗಳಂದು ಲ್ಯಾಪ್‌ಟಾಪ್ ಹಿಡಿದು ಕೇಂದ್ರಗಳಿಗೆ ಬಂದ ಬ್ಯಾಂಕ್ ನೌಕರರು, ಅರ್ಜಿಯೊಂದಕ್ಕೂ ಹಣ ಪಡೆಯದ ಸೈಬರ್ ಅಂಗಡಿಯ ಹುಡುಗರು, ಕೊನೆಯ ದಿನಾಂಕಗಳನ್ನು ಎಲ್ಲ ಕೇಂದ್ರಗಳಿಗೂ ಕೂಗಿ ಹೇಳುವ ನಿವೃತ್ತ ಗುಮಾಸ್ತರು, ಇವರು ಉಳಿಸಿಕೊಟ್ಟ ಓದುಗಳಿಗೆ ಲೆಕ್ಕವಿಟ್ಟವರಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದದ್ದು ನಮ್ಮ ಪಾಲಿಗೆ ಯಾರೂ ಊಹಿಸದ ಉಪಕಾರವಾಯಿತು. ಅಲ್ಲಿಯವರೆಗೆ ನಗರದ ಬಿ.ಎಡ್. ವಿದ್ಯಾರ್ಥಿನಿಯರು ಹತ್ತಿರದ ಕೇಂದ್ರಗಳಿಗಷ್ಟೇ ಹೋಗುತ್ತಿದ್ದರು. ಬಸ್ಸಿನ ಖರ್ಚು ಉಳಿದ ಮೇಲೆ ಜೇವರ್ಗಿ, ಅಫಜಲಪುರದ ಒಳಹಳ್ಳಿಗಳಿಗೂ ಹೋಗತೊಡಗಿದರು. ಸಂಜೆಯ ಕೊನೆಯ ಬಸ್ಸಿಗೆ ಅವರು ಓಡಿ ಬರುವುದನ್ನು ಕಂಡು ಎರಡು ನಿಮಿಷ ನಿಲ್ಲಿಸಿದ ಕಂಡಕ್ಟರುಗಳಿಗೂ ಇದರಲ್ಲಿ ಪಾಲಿದೆ.

ಏನನ್ನೂ ಕಲಿಸದೆ ಜೊತೆಗಿದ್ದವರನ್ನು ಹೇಗೆ ನೆನೆಯಬೇಕೆಂದು ತಿಳಿಯದೆ ಅವರನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಒಂಬತ್ತನೇ ತರಗತಿಗೆ ಬಂದ ಪ್ರತಿ ಮಗುವಿಗೂ ಒಬ್ಬ ಹಿರಿಯರನ್ನು ಜೊತೆಮಾಡುತ್ತೇವೆ. ಮಕ್ಕಳು ಅವರನ್ನು ಅಕ್ಕ, ಅಣ್ಣ, ಕಾಕಾ ಎನ್ನುತ್ತಾರೆ. ವಾರಕ್ಕೊಮ್ಮೆ ಫೋನಿನಲ್ಲಿ ಮಾತು, ತಿಂಗಳಿಗೊಮ್ಮೆ ಭೇಟಿ, ಇಷ್ಟೇ ಅವರ ಕೆಲಸ. ಮದುವೆಯ ಮಾತು ಎದ್ದ ಮನೆಗೆ ಹೋಗಿ ತಂದೆಯ ಜೊತೆ ಕುಳಿತವರು ಅವರು, ಐಟಿಐಗೆ ಹೋಗಲೋ ಪಿಯುಸಿಗೋ ಎಂದು ರಾತ್ರಿ ಹನ್ನೊಂದಕ್ಕೆ ಬಂದ ಕರೆಯನ್ನು ಎತ್ತಿಕೊಂಡವರು ಅವರು. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವ ಮನೆಯಿಂದ ಬಂದು, ನಮ್ಮ ಮೊದಲ ವರ್ಷಗಳಲ್ಲಿ ಕಲಿತು, ಈಗ ನರ್ಸ್, ಲೈನ್‌ಮನ್, ಅತಿಥಿ ಶಿಕ್ಷಕರಾಗಿರುವ ಕೆಲವರು ಈ ಬಾರಿ ಅಕ್ಕ-ಅಣ್ಣಂದಿರ ಪಟ್ಟಿಗೆ ಸೇರಿದ್ದಾರೆ. ಅವರನ್ನು ಯಾರೂ ಕರೆದಿರಲಿಲ್ಲ, ತಾವಾಗಿಯೇ ಹೆಸರು ಕೊಟ್ಟರು. ಮನೆಗೆಲಸದ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಪಾಠಕ್ಕೆ ಬಿಟ್ಟು, ರೊಟ್ಟಿ ಬಡಿಯುವುದನ್ನು ತಾವೊಬ್ಬರೇ ಮುಗಿಸಿಕೊಂಡ ತಾಯಂದಿರಿಗೆ ನಾವು ಒಮ್ಮೆಯೂ ಸರಿಯಾಗಿ ವಂದಿಸಿಲ್ಲ, ಈಗ ವಂದಿಸುತ್ತಿದ್ದೇವೆ.

ಪಟ್ಟಿಯನ್ನು ಜುಲೈಯಲ್ಲಿ ಮತ್ತೆ ತಿದ್ದಲಾಗಿದೆ. ಚಿಂಚೋಳಿ ಮತ್ತು ಆಳಂದ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ ಬೋಧಕರಿಲ್ಲ, ಚಿತ್ತಾಪುರದಲ್ಲಿ ಉರ್ದು ಬಲ್ಲ ಅಕ್ಕಂದಿರು ಬೇಕಾಗಿದ್ದಾರೆ, ಎಂಟನೇ ತರಗತಿಯವರ ಎನ್‌ಎಂಎಂಎಸ್ ಅರ್ಜಿಗೆ ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನು ದಸರಾ ಗುಳೆಗೆ ಮುಂಚೆಯೇ ಮಾಡಿಸಿಡಬೇಕಾಗಿದೆ. ಈಗಾಗಲೇ ನಮ್ಮೊಡನೆ ಇರುವವರು ತಮ್ಮ ಪರಿಚಯದ ಒಬ್ಬೊಬ್ಬರಿಗೆ ಈ ಮಾತು ತಲುಪಿಸಿದರೆ, ಮುಂದಿನ ಕೃತಜ್ಞತೆಯ ಬರಹದ ಹೊತ್ತಿಗೆ ಈ ಮೂರು ಕೆಲಸಗಳೂ ಆಗಿರುತ್ತವೆ.