ಅರ್ಜಿ ತುಂಬಿಸಿ ಕೊಡುತ್ತಿದ್ದ ಅಂಗಡಿಯ ಅಣ್ಣ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮೂರಿನ ಅಂಗಡಿಯ ಅಣ್ಣ ಮೊನ್ನೆ ತೀರಿಕೊಂಡರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯ ಮಲಯಾಳ ಕಾಗದ ಓದಲಾಗದ ಹಿರಿಯರು ಇಲ್ಲಿ ಇಂದಿಗೂ ಇದ್ದಾರೆ. ಅವರ ಪಿಂಚಣಿ, ರೇಷನ್ ಕಾರ್ಡಿನ ಅರ್ಜಿಗಳನ್ನು ಇವರು ತಕ್ಕಡಿ ಪಕ್ಕಕ್ಕೆ ಸರಿಸಿ ತುಂಬಿಸಿಕೊಡುತ್ತಿದ್ದರು. ಪೆನ್ನು ಸದಾ ಕಿವಿಯ ಮೇಲೆ. 2020ರಲ್ಲಿ ಕೊರೊನಾ ವೇಳೆ ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳು ಕೈಗೆಟುಕದಾದಾಗ ರೋಗಿಗಳಿಗಾಗಿ ಹಗಲಿರುಳು ಫೋನು ಹಿಡಿದು ಕೂತವರೂ ಇವರೇ.

ಆದರೆ ಸಂಜೆ ಏಳಕ್ಕೆ ಮನೆ ಸೇರಲೇಬೇಕು. ಹಾಸಿಗೆ ಹಿಡಿದ ತಾಯಿಗೆ ಗಂಜಿ ಉಣಿಸುವ ಕೆಲಸವನ್ನು ಹೆಂಡತಿಗೂ ಬಿಟ್ಟುಕೊಟ್ಟವರಲ್ಲ. ಸನ್ಮಾನವೆಂದರೆ ಮಾರು ದೂರ! ಈಗ ಅವರ ಹೆಸರಲ್ಲಿ ಫ್ಲೆಕ್ಸ್ ಕಟ್ಟುವ ಬದಲು, ಕಚೇರಿಗಳಲ್ಲಿ ಕನ್ನಡದ ಅರ್ಜಿ ನಮೂನೆ ಸಿಗುವಂತೆ ನಮ್ಮ ಜನಪ್ರತಿನಿಧಿಗಳು ನೋಡಿಕೊಳ್ಳಲಿ.

– ಓರ್ವ ಓದುಗ, ಬದಿಯಡ್ಕ