ಬಾಣಂತಿಯ ಊಟ ಬಾಣಂತಿ ಇರುವಲ್ಲಿಗೇ ಬರಲಿ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮ್ಮ ಓಣಿಯ ಹುಡುಗಿಯೊಬ್ಬಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಕೂಸಿಗೆ ಇಂದಿಗೆ ಹನ್ನೆರಡು ದಿನ. ನಾಲ್ಕು ಮನೆ ದಾಟಿದರೆ ಅಂಗನವಾಡಿ. ಮಧ್ಯಾಹ್ನ ಅಲ್ಲಿಯ ಸಾಂಬಾರಿನ ವಾಸನೆ ಇವಳ ಕೋಣೆಯವರೆಗೂ ಬರುತ್ತದೆ, ಊಟ ಬರುವುದಿಲ್ಲ. ಇವಳ ಹೆಸರಿರುವುದು ಗಂಡನ ಊರಿನ ಪಟ್ಟಿಯಲ್ಲಿ. ಇಲ್ಲಿಯೇ ಹೆಸರಿದ್ದರೂ ಹಸಿ ಬಾಣಂತಿ ಊಟಕ್ಕೆಂದು ಹೊಸಿಲು ದಾಟುವುದನ್ನು ನಮ್ಮ ಕಡೆ ಯಾವ ಹಿರಿಯರೂ ಒಪ್ಪುವುದಿಲ್ಲ.

ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡುವ ಮಾತೃಪೂರ್ಣ ಒಳ್ಳೆಯ ಯೋಜನೆ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ತಿಂಗಳಿಗೆ 25 ದಿನ ಬಿಸಿಯೂಟ, ಜೊತೆಗೆ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮನೆಗೆ ಕೊಟ್ಟ ರೇಷನ್ ಎಲ್ಲರ ಪಾಲಾಗಿ ಬಸುರಿಯ ತಟ್ಟೆಗೆ ಉಳಿದುಬಳಿದದ್ದು ಬೀಳುತ್ತದೆ, ಅದಕ್ಕೇ ಅವಳು ಅಂಗನವಾಡಿಯಲ್ಲೇ ಕೂತು ಉಣ್ಣಲಿ ಎಂಬುದು ಅದರ ಹಿಂದಿನ ವಿಚಾರ. ಬಸುರಿಗೆ ಅದು ಸರಿ. ಬಾಣಂತಿಗೆ ಹೊಂದುವುದಿಲ್ಲ. ಕೆಲವು ಕಡೆ ಸಹಾಯಕಿಯರು ತಾವಾಗಿಯೇ ಡಬ್ಬಿ ಕಟ್ಟಿ ಮನೆಗೆ ಒಯ್ಯುತ್ತಾರೆ. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಹೆರಿಗೆಯಾದ ಆರು ತಿಂಗಳವರೆಗೆ ಉಚಿತ ಊಟ ತಾಯಿಯ ಹಕ್ಕು ಎಂದು 2013ರ ಆಹಾರ ಭದ್ರತಾ ಕಾಯ್ದೆಯೇ ಹೇಳುವಾಗ, ಅದು ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಆದ್ದರಿಂದ ಮೊದಲ ಮೂರು ತಿಂಗಳ ಊಟ ಮನೆಗೆ ತಲುಪುವುದು ಎಲ್ಲ ಊರಿನಲ್ಲೂ ನಿಯಮವಾಗಲಿ, ಒಯ್ಯುವ ಸಹಾಯಕಿಗೆ ಅದಕ್ಕೆಂದೇ ಹಣ ಸಿಗಲಿ. ಅಂಗನವಾಡಿಯ ಪಟ್ಟಿ ಇರುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹೆಸರು ವರ್ಗಾಯಿಸುವ ಅವಕಾಶವಿದೆ. ಕುಬಸ ಮುಗಿಸಿ ತವರಿಗೆ ಹೊರಟವಳ ಜೊತೆ ಅವಳ ಹೆಸರೂ ಅಂದೇ ಹೊರಡಲಿ.

ಹಾಲಿನ ಮಾತು ಇದಕ್ಕಿಂತ ಕಷ್ಟದ್ದು. ಮೂರನೇ ದಿನ ಈ ಹುಡುಗಿಯ ಎದೆ ಕಲ್ಲಾಗಿ ಮೈ ಕಾದಿತ್ತು. ಕೂಸು ಅತ್ತೂ ಅತ್ತೂ ಸುಸ್ತಾಗಿ ಮಲಗಿತ್ತು. ಹಾಲು ಸಾಲುತ್ತಿಲ್ಲ ಎಂದು ಅಂಗಡಿಯಿಂದ ಪುಡಿ ಹಾಲು ತರಲು ಅವಳ ಅಣ್ಣ ಹೊರಟೇ ಬಿಟ್ಟಿದ್ದ. ಅಷ್ಟರಲ್ಲಿ ಊರಿನ ಆಶಾ ಕಾರ್ಯಕರ್ತೆ ಬಂದಳು. ಬಿಸಿನೀರಿನ ಬಟ್ಟೆ ಒತ್ತಿಸಿ, ಸ್ವಲ್ಪ ಹಾಲು ಕೈಯಿಂದ ಹಿಂಡಿ ತೆಗೆಸಿ, ತೊಟ್ಟಷ್ಟೇ ಅಲ್ಲ ಸುತ್ತಲಿನ ಕಪ್ಪು ಭಾಗವೂ ಕೂಸಿನ ಬಾಯೊಳಗೆ ಹೋಗುವಂತೆ ಹಿಡಿಯುವುದನ್ನು ತೋರಿಸಿದಳು. ಒಂದು ತಾಸು ಪಕ್ಕದಲ್ಲೇ ಕೂತಿದ್ದಳು. ಕೂಸು ಗುಟುಕರಿಸುವ ಸದ್ದು ಕೇಳಿದ ಮೇಲೇ ಎದ್ದಳು.

ಹೆರಿಗೆಯಾದ 3, 7, 14, 21, 28, 42ನೇ ದಿನ ಆಶಾ ಮನೆಗೆ ಹೋಗಬೇಕೆಂದಿದೆ. ಆರೂ ಭೇಟಿಗೆ ಸೇರಿ ಕೇಂದ್ರದ ಕಾರ್ಯಕ್ರಮ ನಿಗದಿ ಮಾಡಿದ ಪ್ರೋತ್ಸಾಹಧನ 250 ರೂಪಾಯಿ. ತೂಕ, ಜ್ವರ ನೋಡಿ ಫಾರಂ ತುಂಬಿಸುವಷ್ಟರಲ್ಲಿ ಹೊತ್ತು ಮುಗಿಯುತ್ತದೆ, ಪಕ್ಕದಲ್ಲಿ ಕೂರುವ ಆ ತಾಸಿಗೆ ಯಾರೂ ಕೂಲಿ ಕಟ್ಟಿಲ್ಲ. ಮನೆಯ ಅಜ್ಜಿಯರನ್ನಷ್ಟೇ ದೂರಿದರೂ ಆಗದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡದ್ದು ಸುಮಾರು ಅರ್ಧದಷ್ಟು ಕೂಸುಗಳು. ಗಿಣ್ಣು ಹಾಲು ತಪ್ಪುತ್ತಿರುವುದು ಹೆರಿಗೆ ವಾರ್ಡಿನಲ್ಲೇ. ಅಲ್ಲಿ ಈ ಒಂದೇ ಕೆಲಸಕ್ಕೆ, ಹಗಲೂ ರಾತ್ರಿ, ತರಬೇತಾದ ಒಬ್ಬ ಹೆಂಗಸು ಇರುವಂತೆ ಆರೋಗ್ಯ ಸಚಿವರೊಂದಿಗೆ ಕೂತು ಮಾತಾಡಿ.

ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ಗೋಡೆಗಳ ಮೇಲೆಲ್ಲ ಬರೆಸಿದ್ದೇವೆ. ಸರ್ಕಾರಿ ನೌಕರಿಯ ತಾಯಿಗೆ ಅದಕ್ಕೆ ಸರಿಯಾಗಿ 180 ದಿನ ಸಂಬಳದ ರಜೆಯೂ ಇದೆ. ಹತ್ತಿ ಬಿಡಿಸಲು ಹೋಗುವ ಈ ಹುಡುಗಿಗೆ ಇರುವುದು ಕೇಂದ್ರದ ಮಾತೃ ವಂದನಾ ಯೋಜನೆಯ 5,000 ರೂಪಾಯಿ. ಅದರಲ್ಲಿ ಕೊನೆಯ 2,000 ಸಿಗುವುದು ಕೂಸಿನ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ, ಅಂದರೆ ಮೂರೂವರೆ ತಿಂಗಳಿಗೆ. ಅಷ್ಟರಲ್ಲಿ ಅವಳು ಹೊಲದಲ್ಲಿರುತ್ತಾಳೆ, ಕೂಸು ಅಜ್ಜಿಯ ಮಡಿಲಲ್ಲಿ ಬಾಟಲಿ ಚೀಪುತ್ತಿರುತ್ತದೆ. ಆರು ತಿಂಗಳ ಕೂಲಿಯ ಒಂದು ಪಾಲನ್ನಾದರೂ ರಾಜ್ಯ ತಿಂಗಳು ತಿಂಗಳಿಗೆ ಕೊಡಲಿ.

ಡಬ್ಬಿಯ ಆದೇಶಕ್ಕೆ ಮುಂದಿನ ಬಜೆಟ್‌ವರೆಗೆ ಕಾಯಬೇಕಿಲ್ಲ. ಈ ಕೂಸಿಗೆ ಮೂರು ತಿಂಗಳು ತುಂಬುವುದರೊಳಗೆ ಅದು ನಮ್ಮ ಅಂಗನವಾಡಿಗೆ ಮುಟ್ಟಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ರಾಯಚೂರು ಜಿಲ್ಲೆಯ ಒಬ್ಬ ತಾಯಿ